ಒಪ್ಪು, ಉಪ್ಪು

2025ರ ಡಿಸೆಂಬರ್ 11ರಂದು ಕೇರಳದ ಕಾಸರಗೋಡಿನಲ್ಲಿ ನಗರಸಭೆಯ ಚುನಾವಣೆಗೆ ವೋಟು ಹಾಕಿ ಬಂದ ಮೇಲೂ ಒಂದು ಕರಪತ್ರ ನನ್ನ ಮೇಜಿನ ಮೇಲೆ ಹಾಗೇ ಬಿದ್ದಿದೆ. ಎಸೆಯಲು ಮನಸ್ಸು ಬರುತ್ತಿಲ್ಲ. ಒಂದು ಮಗ್ಗುಲಲ್ಲಿ ಮಲಯಾಳ, ಇನ್ನೊಂದು ಮಗ್ಗುಲಲ್ಲಿ ಕನ್ನಡ. ಎರಡೂ ಕಡೆ ಕೈಮುಗಿದು ನಿಂತ ಹುಡುಗಿಯ ಅದೇ ಫೋಟೋ. ನನಗಿಂತ ಹತ್ತು ವರ್ಷವಾದರೂ ಚಿಕ್ಕವಳು. ಅಭ್ಯರ್ಥಿಯ ಪರಿಚಯ ಎಂದು ನಾಲ್ಕು ಸಾಲು ಇದೆ: ಎಲ್ಲಿ ಹುಟ್ಟಿದ್ದು, ಎಷ್ಟು ಓದಿದ್ದು, ಯಾವ ಸಂಘದಲ್ಲಿ ಏನು ಹೊಣೆ, ಯಾರ ಮಗಳು. ಅದರ ಕೆಳಗೆ ಭರವಸೆಗಳು: ರಸ್ತೆ, ಚರಂಡಿ, ಕುಡಿಯುವ ನೀರು, ಬೀದಿದೀಪ. ಮುದ್ರಣ ಚೆನ್ನಾಗಿದೆ, ಅಕ್ಷರ ತಪ್ಪುಗಳೂ ಇಲ್ಲ. ಆದರೂ ಆ ಕಾಗದ ಕಣ್ಣಿಗೆ ಬಿದ್ದಾಗಲೆಲ್ಲ ಮನಸ್ಸಿಗೆ ಏನೋ ಚುಚ್ಚುತ್ತದೆ. ಯಾಕೆಂದರೆ ಇದೇ ನಾಲ್ಕು ಸಾಲು, ಇದೇ ನಾಲ್ಕು ಭರವಸೆ 2010ರಲ್ಲಿ ನನ್ನ ಚಿಕ್ಕಮ್ಮನ ಕರಪತ್ರದಲ್ಲೂ ಇದ್ದವು, ಮತ್ತು ಅದನ್ನು ಬರೆದುಕೊಟ್ಟವಳು ನಾನು. ಮುಂದಿನ ಐದು ವರ್ಷ ಅವರು ಕೌನ್ಸಿಲರ್ ಆಗಿ ಏನೇನು ಮಾಡಿದರು ಎಂಬುದನ್ನು ಹತ್ತಿರದಿಂದ ನೋಡಿದೆ. ನಾನು ಬರೆದ ಸಾಲುಗಳಲ್ಲಿ ಒಂದಾದರೂ ಅವರು ಯಾರೆಂದು ಹೇಳಿರಲಿಲ್ಲ. ಅವರು ಮಾಡಲಿದ್ದ ಕೆಲಸದ ಸುಳಿವೂ ಅದರಲ್ಲಿ ಇರಲಿಲ್ಲ.

ಹಾಗಾದರೆ ಏನು ಬರೆಯಬೇಕಿತ್ತು? ಹದಿನೈದು ವರ್ಷ ತಡವಾಗಿ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊರದಿಂದ ಎದ್ದವರು

ಚಿಕ್ಕಮ್ಮನ ಮನೆ ಕಾಸರಗೋಡು ಪೇಟೆಯಲ್ಲಿ, ರೈಲ್ವೆ ಹಳಿ ದಾಟಿ ಕಡಲ ಕಡೆಗೆ ಇಳಿಯುವ ಒಂದು ಓಣಿಯಲ್ಲಿದೆ. ಆ ಓಣಿಯಲ್ಲಿ ಬೆಳಗ್ಗೆ ಹಾಲಿಗೆ ಹೊರಟರೆ ಹಿಂದಿರುಗುವಷ್ಟರಲ್ಲಿ ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿ ಎಲ್ಲವೂ ಕಿವಿಗೆ ಬೀಳುತ್ತವೆ. ಸಪ್ತ ಭಾಷೆಗಳ ಊರು ಎಂದು ವೇದಿಕೆ ಹತ್ತಿದವರೆಲ್ಲ ಹೇಳುವ ಮಾತು ಅಲ್ಲಿ ದಿನನಿತ್ಯದ ಸಂಗತಿ. ಚಿಕ್ಕಮ್ಮ ಓದಿದ್ದು ಕನ್ನಡ ಮೀಡಿಯಂ, ಹತ್ತನೆಯವರೆಗೆ. ಮದುವೆಯಾಗಿ ಈ ಓಣಿಗೆ ಬಂದ ಮೇಲೆ ಇಪ್ಪತ್ತು ವರ್ಷ ಬೀಡಿ ಕಟ್ಟಿದರು. ಮಡಿಲಲ್ಲಿ ಮೊರ, ಮೊರದಲ್ಲಿ ನೆನೆಸಿದ ಎಲೆ, ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸುವುದು, ಚಿಟಿಕೆ ಹೊಗೆಸೊಪ್ಪು ಸುತ್ತಿ ನೂಲು ಬಿಗಿಯುವುದು. ಮಾತಾಡುತ್ತ, ಮಕ್ಕಳನ್ನು ಗದರುತ್ತ, ರೇಡಿಯೋ ಕೇಳುತ್ತ ಬೆರಳು ತನ್ನ ಪಾಡಿಗೆ ಎಣಿಸುತ್ತಿತ್ತು. ಕಟ್ಟು ಎಣಿಸಿ ಕೊಡಲು ಹೋದಾಗ ಕಳಪೆಯೆಂದು ಪಕ್ಕಕ್ಕೆ ಹಾಕಿದವನ್ನು ಬೇರೆ ಹೆಂಗಸರು ಸುಮ್ಮನೆ ಬಿಟ್ಟು ಬರುತ್ತಿದ್ದರು. ಇವರು ಅಲ್ಲೇ ನಿಂತು ಒಂದೊಂದನ್ನೂ ಎತ್ತಿ, ಇದಕ್ಕೇನಾಗಿದೆ ಎಂದು ಕೇಳುತ್ತಿದ್ದರಂತೆ. ಜಗಳ ಮಾಡುತ್ತಿರಲಿಲ್ಲ. ಕೇಳುತ್ತಿದ್ದರು, ಉತ್ತರ ಸಿಗುವವರೆಗೆ ಹೋಗುತ್ತಿರಲಿಲ್ಲ. ಕೌನ್ಸಿಲರ್ ಆದ ಮೇಲೂ ಅವರ ಕೆಲಸದ ಕ್ರಮ ಇದೇ ಆಗಿತ್ತು.

1998ರಲ್ಲಿ ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆ ಕುಟುಂಬಶ್ರೀ ಶುರುವಾಯಿತಲ್ಲ, ಅದು ನಮ್ಮ ಓಣಿಗೆ ಬಂದಾಗ ಅಯಲ್ಕೂಟದ, ಅಂದರೆ ನೆರೆಮನೆಯ ಹೆಂಗಸರ ಗುಂಪಿನ, ಪುಸ್ತಕ ಬರೆಯಲು ಯಾರೂ ಮುಂದೆ ಬರಲಿಲ್ಲ. ಬೀಡಿ ಲೆಕ್ಕ ಇಟ್ಟು ಗೊತ್ತಿದ್ದ ಚಿಕ್ಕಮ್ಮನ ಕೈಗೆ ಪುಸ್ತಕ ಬಂತು. ಹತ್ತು ಹದಿನೈದು ಮನೆಗಳ ವಾರದ ಉಳಿತಾಯ, ಯಾರಿಗೆ ಎಷ್ಟು ಸಾಲ, ಯಾರ ಕಂತು ಬಾಕಿ, ಯಾಕೆ ಬಾಕಿ. ಈ ಕೊನೆಯ ‘ಯಾಕೆ’ ಪುಸ್ತಕದಲ್ಲಿ ಬರುವುದಿಲ್ಲ, ಆದರೆ ಬರೆಯುವವರಿಗೆ ಗೊತ್ತಿರುತ್ತದೆ. ಯಾರ ಗಂಡ ಕುಡಿದು ಮಲಗಿದ್ದಾನೆ, ಯಾರ ಮಗಳ ಮದುವೆ ಮುರಿದಿದೆ, ಯಾರ ಮನೆಯಲ್ಲಿ ಇವತ್ತು ಒಲೆ ಹೊತ್ತಿಲ್ಲ. ಮುಂದೆ ಇಡೀ ವಾರ್ಡಿನ ಅಯಲ್ಕೂಟಗಳ ಹೊಣೆ ಅವರ ಮೇಲೆ ಬಂತು. ಹಾಗಾಗಿ 2010ರಲ್ಲಿ ಕೇರಳದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸೀಟು ಹೆಂಗಸರಿಗೆ ಎಂದಾಗ, ನಮ್ಮ ವಾರ್ಡು ಮಹಿಳಾ ಮೀಸಲು ಆದಾಗ, ಪಕ್ಷದವರು ನೇರ ಅವರ ಜಗಲಿಗೇ ಬಂದರು. ಯಾವ ಪಕ್ಷ ಎಂಬುದು ಇಲ್ಲಿ ಬೇಡ. ಚಿಕ್ಕಮ್ಮ ಎರಡು ದಿನ ಉತ್ತರ ಕೊಡಲಿಲ್ಲ. ಮೂರನೆಯ ದಿನ ನನ್ನನ್ನು ಕರೆದು ಕೇಳಿದ್ದು ಒಂದೇ ಪ್ರಶ್ನೆ: "ಮಗಳೇ, ಅಲ್ಲಿ ಕಾಗದ ಎಲ್ಲ ಮಲಯಾಳದಲ್ಲಿ ಅಲ್ಲವಾ ಬರುವುದು?"

ನಾನು ಆಗ ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಎಂ.ಎ. ಮಾಡುತ್ತಿದ್ದೆ. ಅದಕ್ಕೇನು, ನೀವು ಕನ್ನಡದಲ್ಲೇ ಕೇಳಿ ಎಂದೆ. ಎಷ್ಟು ಸುಲಭವಾಗಿ ಅಂದುಬಿಟ್ಟೆ.

ಗೆದ್ದರು. ಪ್ರಮಾಣವಚನವನ್ನು ಕನ್ನಡದಲ್ಲಿ ತೆಗೆದುಕೊಂಡರು. ನಾವು ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ಹೊಡೆದೆವು, ನನ್ನ ಕಣ್ಣು ತುಂಬಿತ್ತು. ಮುಂದಿನ ವಾರ ಮೊದಲ ಸಭೆಯ ಅಜೆಂಡಾ ಮನೆಗೆ ಬಂತು, ಹತ್ತಾರು ಪುಟ, ಎಲ್ಲ ಮಲಯಾಳ. ಮಾತಾಡಲು ಅವರಿಗೆ ಮಲಯಾಳ ಚೆನ್ನಾಗಿಯೇ ಬರುತ್ತಿತ್ತು. ಮೀನು ಮಾರುಕಟ್ಟೆಯ ಮಲಯಾಳ, ಆಸ್ಪತ್ರೆಯ ಮಲಯಾಳ. ಅಕ್ಷರ ಮಾತ್ರ ಬಸ್ಸಿನ ಬೋರ್ಡು ಓದುವಷ್ಟು. ನಾಲ್ಕು ಮನೆ ಆಚೆ ನಿವೃತ್ತ ಮೇಷ್ಟ್ರೊಬ್ಬರಿದ್ದರು, ಮಲಯಾಳದವರು, ಓಣಿಯವರಿಗೆಲ್ಲ ಅವರು ‘ಮಾಷ್’. ನಲ್ವತ್ತಮೂರು ವರ್ಷದ ಚಿಕ್ಕಮ್ಮ ಕಾಪಿ ಪುಸ್ತಕ ಹಿಡಿದು ಸಂಜೆ ಅವರ ಜಗಲಿಗೆ ಹೋಗತೊಡಗಿದರು. ೞ ಅಕ್ಷರ ಬಂದಾಗ ಕೈ ತಿರುಗಲಿಲ್ಲವಂತೆ. ಮಾಷ್ ಹೇಳಿದರಂತೆ, ಇದು ನಿಮ್ಮದೇ ಅಕ್ಷರ, ಹಳಗನ್ನಡದಲ್ಲಿ ಮಳೆಗೆ ಮೞೆ ಎಂದೇ ಬರೆಯುತ್ತಿದ್ದರು, ಕೋಳಿಗೆ ಕೋೞಿ. ನೀವು ಬಿಟ್ಟಿರಿ, ನಾವು ಇಟ್ಟುಕೊಂಡೆವು ಎಂದು. ಚಿಕ್ಕಮ್ಮ ಮನೆಗೆ ಬಂದು ನನ್ನನ್ನು ಕೇಳಿದರು, ಹೌದಾ ಅದು? ಹೌದು ಎಂದೆ. ನಾನು ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನ ಸೂತ್ರಗಳಲ್ಲಿ ಪರೀಕ್ಷೆಗಾಗಿ ಓದಿದ್ದ ಅಕ್ಷರವನ್ನು ಅವರು ಚರಂಡಿ ಕಾಮಗಾರಿಯ ಕಡತ ಓದಲಿಕ್ಕಾಗಿ ಕಲಿಯುತ್ತಿದ್ದರು.

ಒಪ್ಪು

ಬೆಳಗ್ಗೆ ಆರೂವರೆಗೆ ಜಗಲಿಯಲ್ಲಿ ಜನ. "ಮೆಂಬರಕ್ಕ, ಒಂಜಿ ಕಾಗದ ಬೈದ್ಂಡ್, ಓದುದು ಪಣ್ಲೆ." ಒಂದು ಕಾಗದ ಬಂದಿದೆ, ಓದಿ ಹೇಳಿ ಎಂದು ತುಳುವಿನಲ್ಲಿ. ರಸ್ತೆ ಬೇಕು, ದೀಪ ಬೇಕು ಎಂದು ಬರುತ್ತಿದ್ದವರು ಹತ್ತಕ್ಕೆ ಇಬ್ಬರು. ಉಳಿದವರ ಕೈಯಲ್ಲಿ ಇರುತ್ತಿದ್ದದ್ದು ಕಾಗದ. ಪಿಂಚಣಿಯದ್ದು, ತೆರಿಗೆಯದ್ದು, ಬ್ಯಾಂಕಿನದ್ದು, ಮಗನ ಶಾಲೆಯದ್ದು. ಕವರು ಒಡೆದಿರುತ್ತಿದ್ದರು, ಮಡಚಿ ಬಿಡಿಸಿ ಮಡಚಿ ಕಾಗದ ಬಟ್ಟೆಯಂತೆ ಮೆತ್ತಗಾಗಿರುತ್ತಿತ್ತು. ನೆರೆಯವರಿಗೆ ತೋರಿಸಲು ನಾಚಿಕೆ. ಮನೆಯ ಗುಟ್ಟು ಅದರಲ್ಲಿರಬಹುದು. ಮೆಂಬರಕ್ಕನಿಗೆ ತೋರಿಸಬಹುದು.

ಇವರಲ್ಲಿ ಒಬ್ಬರು ಅಜ್ಜಿಯ ನೆನಪು ನನಗೆ ಅಚ್ಚೊತ್ತಿದ ಹಾಗಿದೆ. ಕಡಲ ದಂಡೆಗೆ ತಾಗಿದ ಐದು ಸೆಂಟ್ಸ್ ಜಾಗ, ಹಂಚಿನ ಮನೆ, ಒಬ್ಬರೇ. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ವಿಧವಾ ಪಿಂಚಣಿಗೆ ಅರ್ಜಿ ಕೊಟ್ಟಿದ್ದರು, ತಿರಸ್ಕೃತವಾಗಿ ಬಂದಿತ್ತು. ಯಾಕೆಂದು ಕಾಗದದಲ್ಲಿ ಇರಲಿಲ್ಲ, ಅಪೂರ್ಣ ಎಂದಷ್ಟೇ ಇತ್ತು. ಚಿಕ್ಕಮ್ಮ ಅವರನ್ನು ಒಳಗೆ ಕೂರಿಸಿ ಚಾ ಕೊಟ್ಟು ಕೇಳತೊಡಗಿದರು. ಯಾವ ಕಚೇರಿಗೆ ಹೋದಿರಿ, ಯಾರಿದ್ದರು, ಏನು ಕೇಳಿದರು, ನೀವೇನು ಹೇಳಿದಿರಿ. ಅಜ್ಜಿ ಮೊದಲು ಏನೂ ಹೇಳಲಿಲ್ಲ. ಲೋಟ ಖಾಲಿಯಾದ ಮೇಲೆ ದನಿ ತಗ್ಗಿಸಿ ಅಂದರು: "ಅವರು ಒಪ್ಪು, ಒಪ್ಪು ಅಂತ ಹೇಳಿದರು. ಮೂರು ಸಲ ಹೇಳಿದರು. ನಾನು ಒಪ್ಪಲಿಲ್ಲ. ಇರುವುದೇ ಐದು ಸೆಂಟ್ಸ್. ಅದನ್ನೂ ಒಪ್ಪಿಕೊಟ್ಟರೆ ನಾನೆಲ್ಲಿಗೆ ಹೋಗಲಿ?"

ನನಗೆ ಅರ್ಥವಾಗಲಿಲ್ಲ. ಚಿಕ್ಕಮ್ಮನಿಗೆ ಒಂದು ಕ್ಷಣ ಬೇಕಾಯಿತು. ಮಲಯಾಳದಲ್ಲಿ ಒಪ್ಪು ಎಂದರೆ ಸಹಿ. "ಈಡ ಒಪ್ಪಿಡಣಂ" ಎಂದರೆ ಇಲ್ಲಿ ಸಹಿ ಹಾಕಬೇಕು ಎಂದು. ಮೇಜಿನ ಆಚೆಗಿದ್ದವರು ದಿನಕ್ಕೆ ನೂರು ಸಲ ಹೇಳುವ ಮಾತನ್ನು ಹೇಳಿದ್ದರು. ಅಜ್ಜಿಗೆ ಅದು ತನ್ನ ಭಾಷೆಯ ಮಾತಾಗಿಯೇ ಕೇಳಿಸಿತ್ತು. ಏನನ್ನೋ ಒಪ್ಪಿಕೊಳ್ಳಲು ಸರಕಾರ ಒತ್ತಾಯಿಸುತ್ತಿದೆ, ಒಪ್ಪದಿದ್ದರೆ ಹಣವಿಲ್ಲ ಎಂದು ಅವರು ತಿಳಿದರು. ಒಪ್ಪದೆ ಎದ್ದು ಬಂದರು. ಈ ತಪ್ಪು ಯಾರದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆ ಗುಮಾಸ್ತರದು ಎನ್ನಲು ಮನಸ್ಸಾಗುವುದಿಲ್ಲ. ಅವರಿಗೆ ಆ ಶಬ್ದ ಇನ್ನೊಂದು ಕಿವಿಯಲ್ಲಿ ಏನಾಗುತ್ತದೆಂದು ತಿಳಿಸಿದವರಿಲ್ಲ. ಅಜ್ಜಿಯದಂತೂ ಅಲ್ಲವೇ ಅಲ್ಲ. ತನ್ನ ನೆಲ ಹೋಗುತ್ತದೆ ಎಂದು ಹೆದರಿದಾಗಲೂ ಬಗ್ಗದೆ ಇಲ್ಲ ಎಂದು ಹೇಳಿ ಎದ್ದುಬಂದ ಹೆಂಗಸು ಅವರು.

ಎರಡು ಭಾಷೆ ಒಂದಕ್ಕೊಂದು ದೂರವಾಗಿದ್ದರೆ ಇಂಥ ತೊಂದರೆ ಇಲ್ಲ, ಗೊತ್ತಿಲ್ಲ ಎಂದಾದರೂ ಗೊತ್ತಿರುತ್ತದೆ. ಅಕ್ಕತಂಗಿಯರಂಥ ಭಾಷೆಗಳಲ್ಲಿ ಶಬ್ದ ಗೊತ್ತಿದೆ ಎಂದೇ ಅನಿಸಿಬಿಡುತ್ತದೆ. ಮಲಯಾಳದ ಅವಕಾಶ ನಮ್ಮ ಹಕ್ಕು. ಅವರ ಅನುವಾದ ನಮ್ಮ ಅನುಮತಿ, ಭಾಷಾಂತರ ಅಲ್ಲ. ಅವರ ಸಂಸಾರ ಎಂದರೆ ಮಾತುಕತೆ. ಅವರ ಯೋಗ ಎಂದರೆ ಮೀಟಿಂಗು. ಮತ್ತು ಎಲ್ಲಕ್ಕಿಂತ ನನ್ನನ್ನು ತಟ್ಟಿದ್ದು ಇದು: ಅರ್ಜಿಗೆ ಅವರು ಅಪೇಕ್ಷ ಎನ್ನುತ್ತಾರೆ. ನಮ್ಮ ಜಗಲಿಗೆ ಬರುತ್ತಿದ್ದವರ ಬಳಿ ಇದ್ದದ್ದು ಕನ್ನಡದ ಅಪೇಕ್ಷೆ, ಮನಸ್ಸಿನಲ್ಲಿರುವ ಒಂದು ಆಸೆ, ಒಂದು ಕೊರತೆ. ಕಚೇರಿಗೆ ಬೇಕಾದದ್ದು ಮಲಯಾಳದ ಅಪೇಕ್ಷ, ಫಾರಂ, ಲಗತ್ತು, ಒಪ್ಪು. ಮೊದಲನೆಯದು ಎರಡನೆಯದಾಗಲು ನಡುವೆ ಒಬ್ಬ ಮನುಷ್ಯ ಬೇಕು. ಇದನ್ನು ಯಾವ ಕರಪತ್ರದ ಭರವಸೆಯಲ್ಲೂ ನಾನು ಕಂಡಿಲ್ಲ.

ಮರುದಿನ ಚಿಕ್ಕಮ್ಮ ಅಜ್ಜಿಯನ್ನು ಆಟೋದಲ್ಲಿ ಕರೆದುಕೊಂಡು ಹೋದರು, ನಾನೂ ಹೋದೆ. ಹೆಬ್ಬೆಟ್ಟಿನ ಪ್ಯಾಡು ಮುಂದೆ ಬಂತು. ಚಿಕ್ಕಮ್ಮ ಅದನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ ತಮ್ಮ ಪೆನ್ನು ಕೊಟ್ಟರು. ಅಜ್ಜಿಗೆ ಬರೆಯಲು ಬರುತ್ತಿತ್ತು, ಎರಡನೆಯ ಕ್ಲಾಸಿನವರೆಗೆ ಹೋದವರು. ಪೆನ್ನನ್ನು ಚಮಚ ಹಿಡಿದ ಹಾಗೆ ಹಿಡಿದು, ಎಡಗೈಯಿಂದ ಕಾಗದ ಒತ್ತಿ, ಮೂರಕ್ಷರದ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದರು. ಮೊದಲು ಮೂರೂ ಅಕ್ಷರಗಳ ಮೈ ಬರೆದುಕೊಂಡು, ಕೊನೆಗೆ ಒಂದೊಂದಾಗಿ ತಲೆಕಟ್ಟು ಹಾಕುತ್ತ ಹೋದರು, ಮನೆ ಕಟ್ಟಿ ಮಾಡು ಹೊದೆಸಿದ ಹಾಗೆ. ಹಿಂದೆ ಸಾಲು ನಿಂತಿತ್ತು, ಯಾರೂ ಅವಸರ ಮಾಡಲಿಲ್ಲ. ಬರೆದಾದ ಮೇಲೆ ಅಜ್ಜಿ ಚಿಕ್ಕಮ್ಮನ ಮುಖ ನೋಡಿ ಕೇಳಿದರು, "ಇದರಲ್ಲಿ ಜಾಗದ ವಿಷಯ ಏನೂ ಇಲ್ಲವಲ್ಲ?" ಚಿಕ್ಕಮ್ಮ ಆ ಫಾರಮ್ಮನ್ನು ಮೇಲಿನಿಂದ ಕೆಳಗಿನವರೆಗೆ, ಪ್ರತಿಯೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದರು. ಆಮೇಲೆಯೇ ಒಳಗೆ ಕೊಟ್ಟದ್ದು.

ಹೆಸರುಗಳದ್ದೇ ಇನ್ನೊಂದು ಪಾಡು. ಕನ್ನಡ ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು ಕಾಗುಣಿತ, ಮಲಯಾಳದ ರೇಷನ್ ಕಾರ್ಡಿನಲ್ಲಿ ಇನ್ನೊಂದು, ಇಂಗ್ಲಿಷಿನ ಆಧಾರಿನಲ್ಲಿ ಮತ್ತೊಂದು. ನೆಲ್ಲಿಕುಂಜೆ ನೆಲ್ಲಿಕುನ್ನ್ ಆದ ಹಾಗೆ, ಕುಂಬಳೆ ಕುಂಬಳ ಆದ ಹಾಗೆ, ಮನುಷ್ಯರ ಹೆಸರೂ ಬದಲಾಗುತ್ತದೆ. ಆಮೇಲೆ ಈ ಮೂವರೂ ಒಬ್ಬನೇ ಎಂದು ಸಾಬೀತು ಮಾಡಲು ವಿಲೇಜ್ ಆಫೀಸಿನಿಂದ ‘ವನ್ ಆಂಡ್ ಸೇಮ್’ ಸರ್ಟಿಫಿಕೇಟು. ಹುಟ್ಟಿದಂದಿನಿಂದ ತಾನು ತಾನೇ ಆಗಿರುವ ಮುದುಕನೊಬ್ಬ ಅದಕ್ಕೊಂದು ಪ್ರಮಾಣಪತ್ರ ಹಿಡಿದು ನಿಲ್ಲುವುದನ್ನು ನೋಡಿದಾಗ ಸಂಕಟವಾಗುತ್ತದೆ. ಚಿಕ್ಕಮ್ಮ ಅದಕ್ಕೊಂದು ದಾರಿ ಮಾಡಿಕೊಂಡಿದ್ದರು. ಮಗು ಹುಟ್ಟಿದ ಮನೆಗೆ ಹೋದಾಗ, ಹೆಸರಿಟ್ಟ ದಿನವೇ, ಮೂರು ಲಿಪಿಯಲ್ಲೂ ಹೆಸರು ಬರೆದ ಚೀಟಿಯೊಂದನ್ನು ತಾಯಿಯ ಕೈಗೆ ಕೊಡುತ್ತಿದ್ದರು. ಎಲ್ಲಿ ಹೋದರೂ ಇದನ್ನೇ ತೋರಿಸು, ಬಾಯಲ್ಲಿ ಹೇಳಬೇಡ ಎಂದು. ಮಲಯಾಳದ್ದು ಮಾಷ್ ತಿದ್ದಿ ಕೊಟ್ಟದ್ದು, ಇಂಗ್ಲಿಷಿನದು ನನ್ನದು. ನಮ್ಮ ಓಣಿಯಲ್ಲಿ ಈಗ ಹೈಸ್ಕೂಲಿಗೆ ಬಂದಿರುವ ಕೆಲವು ಮಕ್ಕಳ ಮನೆಯ ಕಪಾಟಿನಲ್ಲಿ ಆ ಚೀಟಿ ಇವತ್ತಿಗೂ ಇದೆ.

ಸಾವಿನ ಮನೆಗೂ ಅವರು ತಪ್ಪದೆ ಹೋಗುತ್ತಿದ್ದರು. ಹಿಂದೂ ಮನೆಯಾಗಲಿ, ಮುಸ್ಲಿಂ ಮನೆಯಾಗಲಿ, ಹಿತ್ತಿಲ ಬಾಗಿಲಿನಿಂದ ಹೋಗಿ ಅಡುಗೆಮನೆಯಲ್ಲಿ ಹೆಂಗಸರ ನಡುವೆ ಕೂತುಬಿಡುವುದು. ಮೊದಲ ದಿನ ಏನೂ ಮಾತಿಲ್ಲ. ಮೂರನೆಯ ದಿನ ಇನ್ನೊಮ್ಮೆ ಹೋಗಿ, ಅಳು ಸ್ವಲ್ಪ ಇಳಿದ ಹೊತ್ತು ನೋಡಿ, ಮನೆಯ ಹಿರಿ ಹೆಂಗಸಿನ ಕಿವಿಯಲ್ಲಿ ಹೇಳುತ್ತಿದ್ದರು: ಇಪ್ಪತ್ತೊಂದು ದಿನದ ಒಳಗೆ ಮರಣ ನೋಂದಣಿ ಆಗಬೇಕು, ಮರೆಯಬೇಡಿ, ಹುಡುಗನನ್ನು ನನ್ನ ಹತ್ತಿರ ಕಳಿಸಿ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಗಡಿಬಿಡಿಯಲ್ಲಿ ಅದು ಮರೆತುಹೋದರೆ ಆಮೇಲೆ ಜಾಗದ ಕಾಗದಕ್ಕೆ, ಪಿಂಚಣಿಗೆ ಎಷ್ಟು ಅಲೆಯಬೇಕೆಂದು ಅವರಿಗೆ ಗೊತ್ತಿತ್ತು. ಮದುವೆಯ ಊಟಕ್ಕೆ ಕೂತಾಗಲೂ ಹೀಗೆಯೇ. 2008ರ ನಿಯಮದಿಂದ ಎಲ್ಲ ಧರ್ಮದವರಿಗೂ ಮದುವೆ ನೋಂದಣಿ ಕಡ್ಡಾಯ, ನಲ್ವತ್ತೈದು ದಿನದ ಗಡು. ಹುಡುಗಿಯ ತಾಯಿಗೆ ಅದನ್ನು ಹೇಳಿಯೇ ಕೈ ತೊಳೆಯುತ್ತಿದ್ದದ್ದು. ಜನ ಸಂಪರ್ಕ, ಸಮಾಜ ಸೇವೆ ಎಂದು ನಾನು ಕರಪತ್ರದಲ್ಲಿ ಬರೆದಿದ್ದ ಮಾತುಗಳ ನಿಜವಾದ ರೂಪ ಇದು.

ಉಪ್ಪು

ಕಾಸರಗೋಡು ಪೇಟೆಯಲ್ಲಿ ಆ ವರ್ಷಗಳಲ್ಲಿ ಬೇಸಗೆ ಕಳೆದವರಿಗೆ ನಲ್ಲಿ ನೀರಿನ ರುಚಿ ಹೇಳಬೇಕಾಗಿಲ್ಲ. ಪೇಟೆಗೆ ನೀರು ಬರುವುದು ಬಾವಿಕ್ಕರೆಯಿಂದ, ಪಯಸ್ವಿನಿ ಹೊಳೆಯಿಂದ. ಮಾರ್ಚ್ ಕಳೆದು ಹೊಳೆಯ ಹರಿವು ಸಣ್ಣದಾದರೆ ಭರತದ ನೀರು ಕಡಲಿನಿಂದ ಮೇಲೆ ಮೇಲೆ ಏರಿ ಪಂಪಿನ ಬಾಯಿಯವರೆಗೂ ಬರುತ್ತಿತ್ತು. ಪ್ರತಿ ವರ್ಷ ಮರಳಿನ ಚೀಲ ಪೇರಿಸಿ ತಾತ್ಕಾಲಿಕ ಕಟ್ಟ ಕಟ್ಟುವುದು; ಕಟ್ಟುವುದು ತಡವಾದರೆ ಉಪ್ಪು ಮೊದಲೇ ಒಳಗೆ, ಬೇಸಗೆಯಲ್ಲೊಂದು ದೊಡ್ಡ ಮಳೆ ಬಂದರೆ ಕಟ್ಟವೇ ಹೊರಗೆ. ಈಗ ಅಲ್ಲಿ ಶಾಶ್ವತ ಕಟ್ಟ ಆಗಿದೆ, ವರ್ಷಾನುಗಟ್ಟಲೆ ಕಾದ ಮೇಲೆ. ಕಡಲ ಕಡೆಯ ನಮ್ಮ ಓಣಿಯಲ್ಲಿ ಬಾವಿಗಳೂ ಉಪ್ಪೇ ಆದ್ದರಿಂದ ನಲ್ಲಿ ಬಿಟ್ಟರೆ ಗತಿಯಿರಲಿಲ್ಲ. ಮಕ್ಕಳು ನೀರು ಕುಡಿಯಲು ಒಪ್ಪದೆ ಅಳುತ್ತಿದ್ದವು, ರಕ್ತದೊತ್ತಡದ ಮಾತ್ರೆ ತಿನ್ನುವ ಮುದುಕರಿಗೆ ಉಪ್ಪು ಬಿಡಿ ಎಂದು ಡಾಕ್ಟರು ಹೇಳುತ್ತಿದ್ದರು, ಮನೆಗೆ ಬಂದರೆ ನೀರೇ ಉಪ್ಪು.

ನೀರು ಸರಬರಾಜಿನ ಕಚೇರಿಗೆ ಚಿಕ್ಕಮ್ಮ ಅರ್ಜಿ ಬರೆದರು. ಮಲಯಾಳದಲ್ಲೇ ಬರೆದರು, ಮಾಷ್ ತಿದ್ದುವ ಅಗತ್ಯವೂ ಅಷ್ಟರಲ್ಲಿ ಇರಲಿಲ್ಲ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಎರಡನೆಯದಕ್ಕೂ ಅದೇ. ಒಂದು ದಿನ ಬೆಳಗ್ಗೆ ಕುಚ್ಚಿಲಕ್ಕಿ ಗಂಜಿ ಬೇಯಿಸಿ ತೂಕುಪಾತ್ರೆಗೆ ಹಾಕಿದರು. ಪಕ್ಕದಲ್ಲಿ ಒಂದು ಸ್ಟೀಲ್ ಲೋಟ, ಚಮಚ. ನೇರ ಆ ಕಚೇರಿಗೆ ಹೋದರು. ನಾನು ಬಾಗಿಲ ಬಳಿ ನಿಂತಿದ್ದೆ. ಮೇಜಿನ ಮೇಲೆ ಪಾತ್ರೆ ಇಟ್ಟು, ಮುಚ್ಚಳ ತೆಗೆದು, ಹಬೆ ಏಳುತ್ತಿದ್ದ ಗಂಜಿಯನ್ನು ಲೋಟಕ್ಕೆ ಬಗ್ಗಿಸಿ ಮುಂದೆ ಸರಿಸಿದರು. "ಇದಿಲ್ ಉಪ್ಪ್ ಇಟ್ಟಿಟ್ಟಿಲ್ಲ ಸಾರ್" ಎಂದರು. ಇದಕ್ಕೆ ಉಪ್ಪು ಹಾಕಿಲ್ಲ. ಆ ಇಂಜಿನಿಯರು ತೆಂಕಣದ ಜಿಲ್ಲೆಯವರು, ಬಂದು ಕೆಲವೇ ತಿಂಗಳಾಗಿತ್ತು. ಸ್ವಲ್ಪ ಹೊತ್ತು ಲೋಟವನ್ನೇ ನೋಡಿದರು. ಆಮೇಲೆ ಒಂದು ಚಮಚ ಬಾಯಿಗೆ ಹಾಕಿಕೊಂಡರು. ಇನ್ನೊಂದು ಚಮಚ. ಏನೂ ಹೇಳದೆ ಲೋಟ ಕೆಳಗಿಟ್ಟು ಫೋನು ಎತ್ತಿದರು.

ಉಪ್ಪು ಎರಡು ಭಾಷೆಯಲ್ಲೂ ಉಪ್ಪೇ. ಅವತ್ತು ಆ ಮೇಜಿನ ಮೇಲೆ ಅನುವಾದಿಸಬೇಕಾದದ್ದು ಏನೂ ಇರಲಿಲ್ಲ ಎಂದು ದಾರಿಯಲ್ಲಿ ಬರುವಾಗ ನನಗೆ ಹೊಳೆಯಿತು, ಹೇಳಿದೆ. ಚಿಕ್ಕಮ್ಮನ ಗಮನ ಅಲ್ಲಿರಲಿಲ್ಲ. ವಾರಕ್ಕೆ ಎರಡು ಸಲ ಟ್ಯಾಂಕರ್ ಬರುತ್ತದೆಂದು ಒಪ್ಪಿದ್ದಾರೆ, ಲಾರಿ ನಮ್ಮ ಓಣಿಯ ತಿರುವಿಗೆ ಹಿಡಿಯುತ್ತದಾ, ಹಿಡಿಯದಿದ್ದರೆ ಪೈಪು ಎಷ್ಟು ಉದ್ದ ಬೇಕು ಎಂದು ಲೆಕ್ಕ ಹಾಕುತ್ತಿದ್ದರು. ಸಂಜೆ ಒಂದು ಸೀರೆಯನ್ನು ಅಳತೆಗೆ ಹಿಡಿದು, ನನ್ನನ್ನು ಇನ್ನೊಂದು ತುದಿಯಲ್ಲಿ ನಿಲ್ಲಿಸಿ, ತಿರುವಿನಿಂದ ಕೊನೆಯ ಮನೆಯವರೆಗೆ ಅಳೆದರು. ಆ ಬೇಸಗೆ ಟ್ಯಾಂಕರ್ ಬಂತು. ಮುಂದಿನ ಬೇಸಗೆ ಮತ್ತೆ ಗಂಜಿ ಬೇಯಬೇಕಾಯಿತು. ಶಾಶ್ವತ ಕಟ್ಟ ಅವರ ಅವಧಿಯಲ್ಲಿ ಮುಗಿಯಲೇ ಇಲ್ಲ, ಅದು ಅವರ ಕೈಯಲ್ಲಿದ್ದ ವಿಷಯವೂ ಅಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ಕೌನ್ಸಿಲರ್‌ಗೆ ಸಾಧ್ಯವಾಗುವುದು ಎಷ್ಟು, ಆಗದ್ದು ಎಷ್ಟು ಎಂಬುದು ನಮ್ಮ ಜನರಿಗೆ ಸರಿಯಾಗಿ ಗೊತ್ತಿಲ್ಲ. ಎಲ್ಲ ಮಾಡಬೇಕೆಂದು ಕೇಳುತ್ತೇವೆ, ಆಗದಿದ್ದರೆ ಏನೂ ಮಾಡಿಲ್ಲ ಎನ್ನುತ್ತೇವೆ.

ನನ್ನ ಜಗಳ

ಈಗ ನನ್ನ ಮಾತು. ಆ ಐದು ವರ್ಷದಲ್ಲಿ ಚಿಕ್ಕಮ್ಮನೊಂದಿಗೆ ನಾನು ಮಾಡಿದಷ್ಟು ಜಗಳ ಬೇರೆ ಯಾರೊಂದಿಗೂ ಮಾಡಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1 ನಮ್ಮ ಮನೆಯಲ್ಲಿ ಹಬ್ಬದ ದಿನವಲ್ಲ. ಚಂದ್ರಗಿರಿಯಿಂದ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ವರದಿ ಹೇಳಿದ್ದನ್ನು ಅಜ್ಜ ಸಾಯುವವರೆಗೂ ಹೇಳುತ್ತಿದ್ದರು. ಅಂಥ ಮನೆಯವರಾಗಿ ನೀವು ಎಲ್ಲ ಅರ್ಜಿಯನ್ನೂ ಮಲಯಾಳದಲ್ಲಿ ಬರೆದುಕೊಟ್ಟರೆ ಕನ್ನಡದವರೇ ಇಲ್ಲಿಲ್ಲ ಎಂದು ನಾಳೆ ಹೇಳುವುದಿಲ್ಲವೇ ಎಂಬುದು ನನ್ನ ವಾದ. 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದೆಂದಿದೆ, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದಿದೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಕೊಡಬಹುದೆನ್ನುವ ಸಂವಿಧಾನದ 350ನೇ ವಿಧಿ ಇದೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿದ್ದರಲ್ಲ, ಅವರು ಕನ್ನಡ ಬಿಟ್ಟರೇ ಎಂದೂ ಕೇಳಿದೆ. ವೋಟಿನ ಯಂತ್ರದ ಮೇಲಿನ ಹೆಸರು ನಮಗೆ ಕನ್ನಡದಲ್ಲೂ ಸಿಗುತ್ತದೆ, ವೋಟು ಹಾಕಿ ಗೆಲ್ಲಿಸಿದವರು ಓದಬೇಕಾದ ಕಾಗದ ಮಾತ್ರ ಸಿಗುವುದಿಲ್ಲ, ಇದನ್ನು ಒಪ್ಪಿಕೊಳ್ಳುವುದೇ?

ಚಿಕ್ಕಮ್ಮ ಬೆಂಡೆಕಾಯಿ ಹೆಚ್ಚುತ್ತ ಎಲ್ಲ ಕೇಳಿದರು. ಆಮೇಲೆ ಅಂದರು, "ಕನ್ನಡದಲ್ಲಿ ಬರೆದರೆ ಕಾಗದ ಭಾಷಾಂತರಕ್ಕೆ ಹೋಗುತ್ತದೆ. ಬರುವಾಗ ಎಷ್ಟು ದಿನ? ಅಲ್ಲಿಯವರೆಗೆ ಅಜ್ಜಿ ಏನು ತಿನ್ನುವುದು? ಹಕ್ಕು ನನ್ನದು, ಹಸಿವು ಅವರದ್ದು. ನನ್ನ ಹಕ್ಕಿಗೆ ಅವರನ್ನು ಕಾಯಿಸುವುದು ಸರಿಯಾ, ನೀನು ಹೇಳು."

ನನಗೆ ಆಗ ಇದು ಸೋಲಿನ ಮಾತು ಎನಿಸಿತ್ತು. ಆದರೆ ಅವರು ಇನ್ನೊಂದು ಕೆಲಸವನ್ನೂ ಬಿಡದೆ ಮಾಡುತ್ತಿದ್ದರು, ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೀಟಿಂಗುಗಳಲ್ಲಿ, ಬೇರೆ ಮಾತೆಲ್ಲ ಮುಗಿದ ಮೇಲೆ, ಎದ್ದು ನಿಂತು ಕನ್ನಡದಲ್ಲಿ ಒಂದೇ ವಿಷಯ ಕೇಳುತ್ತಿದ್ದರು: ಸಾರ್ವಜನಿಕರಿಗೆ ಕೊಡುವ ನೋಟೀಸು, ಫಾರಂ ಕನ್ನಡದಲ್ಲೂ ಬೇಕು. ಬೀಡಿ ಎಣಿಸುವ ಕಡೆ ನಿಂತಿದ್ದ ಹಾಗೆಯೇ, ಜಗಳವಿಲ್ಲದೆ. ತಮ್ಮ ವಾರ್ಡು ಸಭೆಯ ನೋಟೀಸನ್ನಂತೂ ಸ್ವಂತ ಖರ್ಚಿನಲ್ಲಿ ಕನ್ನಡದಲ್ಲಿ ಬರೆಸಿ ಜೆರಾಕ್ಸ್ ಮಾಡಿ ಹಂಚುತ್ತಿದ್ದರು. ಬರೆದವಳು ನಾನೇ. ವಾರ್ಡು ಸಭೆಯಲ್ಲಿಯೇ ಅಲ್ಲವೇ ಮನೆ ರಿಪೇರಿಗೆ ಯಾರು, ಆಡು ಯಾರಿಗೆ, ಶೌಚಾಲಯ ಯಾರಿಗೆ ಎಂಬ ಪಟ್ಟಿಗೆ ಒಪ್ಪಿಗೆಯಾಗುವುದು. 1996ರ ಜನಕೀಯಾಸೂತ್ರಣದ, ಅಂದರೆ ಜನರೇ ಯೋಜನೆ ಮಾಡುವ ಕ್ರಮದ, ಕಾಲದಿಂದ ಯೋಜನೆಯ ಹಣದ ದೊಡ್ಡ ಪಾಲು ಸ್ಥಳೀಯ ಸಂಸ್ಥೆಗಳಿಗೆ ಬರುತ್ತಿದೆ. ಸಭೆಗೆ ಬಂದು ಬಾಯಿ ಬಿಟ್ಟವರಿಗೆ ಅದು ಮುಟ್ಟುತ್ತದೆ. ಹಿಂದೆ ಸಭೆ ಎಂದರೆ ಮಲಯಾಳ ಓದಬಲ್ಲ ಮನೆಗಳವರು ಬರುತ್ತಿದ್ದರು. ಕನ್ನಡ ನೋಟೀಸು ಹೋದ ಮೇಲೆ ಕಡಲ ದಂಡೆಯ ಹೆಂಗಸರು ಬಂದು ಹಿಂದಿನ ಬೆಂಚಿನಲ್ಲಿ ಕೂರತೊಡಗಿದರು. ಎರಡನೆಯ ವರ್ಷ ಮುಂದಿನ ಬೆಂಚಿಗೆ ಬಂದರು.

ಅವರ ಉತ್ತರ ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಲ್ಲ. ಕನ್ನಡದಲ್ಲಿ ಬಂದ ಅರ್ಜಿಗಳ ಸಂಖ್ಯೆ ಇಲ್ಲದಿದ್ದರೆ ಕನ್ನಡ ಬಲ್ಲ ಗುಮಾಸ್ತರು ಬೇಕೆಂದು ಯಾವ ಆಧಾರದಲ್ಲಿ ಕೇಳುವುದು ಎಂಬ ಪ್ರಶ್ನೆ ಹಾಗೇ ಇದೆ. ಇಂಥ ಒಬ್ಬ ಮೆಂಬರಕ್ಕ ಇದ್ದಾರೆ ಎಂಬ ಕಾರಣಕ್ಕೇ ಕಚೇರಿಯ ಕೊರತೆ ಕಾಣದೆ ಹೋಗುತ್ತದೆ. ಆದರೆ ಆ ಅಜ್ಜಿ ತನ್ನ ಹೆಸರಿಗೆ ತಲೆಕಟ್ಟು ಹಾಕುತ್ತಿದ್ದಾಗ ಪಕ್ಕದಲ್ಲಿ ನಿಂತವಳು ನಾನು. ಕನ್ನಡದ ಅಕ್ಷರಕ್ಕೆ ಅಷ್ಟು ಮರ್ಯಾದೆ ಸಂದದ್ದನ್ನು ಯಾವ ಸಮ್ಮೇಳನದಲ್ಲೂ ನಾನು ನೋಡಿಲ್ಲ.

2015ರಲ್ಲಿ ವಾರ್ಡು ಸಾಮಾನ್ಯಕ್ಕೆ ಹೋಯಿತು. ಐದು ವರ್ಷ ಹೆಂಗಸು, ಇನ್ನೈದು ವರ್ಷ ಸಾಮಾನ್ಯ, ಅದು ಸರದಿ. ಸಾಮಾನ್ಯ ಸೀಟಿನಲ್ಲಿ ಹೆಂಗಸರೂ ನಿಲ್ಲಬಹುದು ಎಂಬುದು ಕಾನೂನು. ಚಿಕ್ಕಮ್ಮನನ್ನು ಮಾತ್ರ ಯಾರೂ ಕೇಳಲಿಲ್ಲ. ಜಗಲಿಗೆ ಬರುವವರು ಕಡಿಮೆಯಾಗಲಿಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಡಯಾಲಿಸಿಸ್ ರೋಗಿಗಳು ಆಂಬುಲೆನ್ಸಿನಲ್ಲೇ ಉಳಿದ ದಿನಗಳಲ್ಲಿ ಓಣಿಯವರು ಮೊದಲು ಫೋನು ಮಾಡಿದ್ದು ಆ ಹೊತ್ತಿನಲ್ಲಿ ಯಾವ ಅಧಿಕಾರವೂ ಇಲ್ಲದ ಅವರಿಗೇ. ಅವರು ಇಡೀ ರಾತ್ರಿ ಎರಡು ಭಾಷೆಯಲ್ಲಿ ಫೋನು ಮಾಡುತ್ತ ಕೂತದ್ದನ್ನು ಕಂಡಿದ್ದೇನೆ. ಆ ವಿಷಯ ಇನ್ನೂ ಹಸಿ ಇದೆ, ಇಲ್ಲಿ ಮುಂದುವರಿಸಲಾರೆ.

ಈ ಸಲ ಗೆದ್ದ ಹುಡುಗಿ ಅದೇ ಕರಪತ್ರದವಳು. ಗೆದ್ದ ಮರುವಾರ ಚಿಕ್ಕಮ್ಮನ ಮನೆಗೆ ಬಂದಿದ್ದಳು, ನಾನೂ ಇದ್ದೆ. ಈಗ ಎಲ್ಲ ಸರಕಾರದ ಆನ್‌ಲೈನ್ ವ್ಯವಸ್ಥೆ ಕೆ-ಸ್ಮಾರ್ಟ್‌ನಲ್ಲಿ, ಮೊಬೈಲಿನಲ್ಲೇ ಅರ್ಜಿ, ಜಗಲಿಗೆ ಯಾರೂ ಬರಬೇಕಾಗಿಲ್ಲ ಅಲ್ಲವಾ ಅಕ್ಕ ಎಂದು ಕೇಳುತ್ತಿದ್ದಳು. ಮಲಯಾಳವನ್ನು ಶಾಲೆಯಲ್ಲೇ ಕಲಿತವಳು, ಓದುವುದು ಬರೆಯುವುದು ಸಲೀಸು. ಅಷ್ಟರಲ್ಲಿ ಗೇಟಿನ ಸದ್ದಾಯಿತು. ನೆರೆಯ ಓಣಿಯ ಮುದುಕರೊಬ್ಬರು, ಕೈಯಲ್ಲಿ ಮೊಬೈಲು. "ಮೆಂಬರಕ್ಕ, ಒಂದು ಮೆಸೇಜು ಬಂದಿದೆ." ಚಿಕ್ಕಮ್ಮನಿಗೆ ಪೊರೆಯ ಆಪರೇಷನ್ ಆಗಿ ಹದಿನೈದು ದಿನ, ಓದಬಾರದೆಂದಿದ್ದಾರೆ. ಮೊಬೈಲನ್ನು ಆ ಹುಡುಗಿಯ ಕೈಗೆ ಕೊಟ್ಟರು. ಅವಳು ಒಂದೇ ಉಸಿರಿಗೆ ಮಲಯಾಳದಲ್ಲಿ ಓದಿ, ಅಪೇಕ್ಷೆ ಸ್ವೀಕಾರ ಆಗಿದೆಯಂತೆ ಅಜ್ಜ ಎಂದಳು.

ಮುದುಕರ ಮುಖ ಅರಳಿತು. "ಹಾಗಾದರೆ ಸಿಕ್ಕಿತು!"

ಹುಡುಗಿ ಹೌದೆನ್ನುವುದರಲ್ಲಿದ್ದಳು. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ ಅವಳ ಮೊಣಕೈ ಮುಟ್ಟಿದರು. "ಕುಳಿತುಕೋ. ಅವರನ್ನೂ ಕೂರಿಸು. ಇನ್ನೊಮ್ಮೆ ಓದು, ಮೆಲ್ಲ. ಎಲ್ಲಿ ಒಪ್ಪಿಡಬೇಕಂತೆ, ಯಾವ ತಾರೀಕಿನ ಒಳಗೆ, ಅದನ್ನು ಅವರಿಗೆ ಹೇಳು." ಆಮೇಲೆ ನನ್ನ ಕಡೆ ತಿರುಗಿ, ಮೂರು ಲೋಟ ಚಾ ಇಡು ಮಗಳೇ ಎಂದರು.